ಕದಿರಿಲ್ಲದ ಬಾಗಿಲು

ಜೆಸಿಬಿಯ ಹಲ್ಲು ಮಾಳಿಗೆಯ ಮೂಲೆಗೆ ತಾಗಿದಾಗ ಯಾರೂ ಕೂಗಲಿಲ್ಲ. ಗೋಡೆ ಒಂದು ಸಲ ಅಲುಗಿತು, ಸುಣ್ಣದ ಪುಡಿ ಉದುರಿತು, ಆಮೇಲೆ ಕೆಂಪು ಕಲ್ಲುಗಳು ದೊಬದೊಬನೆ ಅಂಗಳಕ್ಕೆ ಬಿದ್ದವು. ರಸ್ತೆಯಾಚೆ ನಿಂತಿದ್ದವರು ಮೊಬೈಲು ಎತ್ತಿ ಹಿಡಿದರು. ಧೂಳು ಬಂದಾಗ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ.

"ಹಂಚ್ ಎಲ್ಲ ಸಾಗ್ಸಿ ಆಯ್ತಲ್ದಾ?" ಒಬ್ಬ ಕೇಳಿದ.

"ನಿನ್ನಿಯೇ ಆಯ್ತ್. ಇನ್ ಅಡಿಯಂಗೆ ಪಾರ್ಕಿಂಗ್ ಮಾಡ್ತ್ರಂಬ್ರ್. ಒಳ್ಳೇದೇ ಆಯ್ತ್ ಬಿಡಿ, ಸಂತಿ ದಿನ ಬೈಕ್ ನಿಲ್ಸುಕೆ ಜಾಗ ಇಲ್ಲ."

ಕುಂದಾಪುರ ಪೇಟೆಯಲ್ಲಿ ಮೂರು ತಲೆಮಾರು ಕಂಡ ಮಾಳಿಗೆಗೆ ಸಿಕ್ಕಿದ ಶ್ರದ್ಧಾಂಜಲಿ ಇಷ್ಟು.

ಎಎಸ್‌ಐ ರವಿಚಂದ್ರ ಎದುರಿನ ಚಾ ಅಂಗಡಿಯ ಮುಂದೆ ಲೋಟ ಹಿಡಿದು ನಿಂತಿದ್ದ. ಚಾ ತಣ್ಣಗಾಗಿ ಕೆನೆ ಕಟ್ಟಿತ್ತು. ಕುಡಿಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಬೇಸಿಗೆಯಲ್ಲಿ ಹೆಂಡತಿ ಚಂದ್ರಮತಿ ತೀರಿಕೊಂಡ ಮೇಲೆ ಅವನದು ಹೀಗೆಯೇ. ಹಸಿವೆ ಗೊತ್ತಾಗುವುದಿಲ್ಲ, ರುಚಿ ಗೊತ್ತಾಗುವುದಿಲ್ಲ. ಅಳು ಬಂದರೆ ಹಗುರಾಗುತ್ತಿತ್ತೋ ಏನೋ, ಅದೂ ಬರುವುದಿಲ್ಲ. ಕೆಲಸಕ್ಕೆ ಬರುತ್ತಾನೆ, ಮನೆಗೆ ಹೋಗುತ್ತಾನೆ.

ಮಾಳಿಗೆಯ ಮೇಲಂತಸ್ತಿನಲ್ಲಿ ಒಬ್ಬರೇ ಇದ್ದ ರಾಜೀವಮ್ಮ ಮಳೆಗಾಲದ ನಡುವೆ ಕಾಣೆಯಾದದ್ದು, ಅವರು ಮುಂಬೈಯಲ್ಲಿದ್ದಾರೆಂದು ಮನೆಯವರು ಹೇಳಿದ್ದು, ಸುಳ್ಳು ಅಂತ ಮೆಟ್ಟಿಲ ಕೆಳಗೆ ಮಲ್ಲಿಗೆ ಮಾರುವ ಅಪ್ಪಿ ದೂರು ಕೊಟ್ಟದ್ದು ಎಲ್ಲ ಹಳೆಯ ಕಥೆ. ಹೊಸದೆಂದರೆ ಇನ್‌ಸ್ಪೆಕ್ಟರು ಬೆಳಿಗ್ಗೆ ಆಡಿದ ಮಾತು.

"ಮುಂಬೈಗೆ ಫೋನ್ ಮಾಡಿದ್ದೇವೆ. ನಾನೇ ರಾಜೀವಿ ಅಂತ ಆಯಮ್ಮ ಮಾತಾಡಿದ್ದಾರೆ. ಇನ್ನೇನು ಬೇಕು ನಿಮಗೆ? ಸಾಯಂಕಾಲದೊಳಗೆ ಒಂದು ಕಾರಣ ತಂದುಕೊಡಿ, ಇಲ್ಲದಿದ್ದರೆ ಮುಚ್ಚಿಬಿಡಿ."

ಸಾಯಂಕಾಲದೊಳಗೆ ಮಾಳಿಗೆಯೂ ನೆಲ ಸೇರುತ್ತದೆ. ಕಲ್ಲು ಮಣ್ಣು ಟಿಪ್ಪರ್ ಹತ್ತಿ ಯಾವುದೋ ಹೊಂಡ ತುಂಬಲು ಹೋಗುತ್ತದೆ. ಆ ಹೆಂಗಸಿನ ಗುರುತು ಏನಾದರೂ ಅಲ್ಲಿ ಉಳಿದಿದ್ದರೆ ಅದೂ ಹೋಗುತ್ತದೆ. ಇದು ರವಿಚಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಅಪ್ಪಿ ಬುಟ್ಟಿ ಇಟ್ಟುಕೊಂಡು ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಮಲ್ಲಿಗೆಯ ಮೇಲೆ ಹೊದೆಸಿದ ಒದ್ದೆ ಬಟ್ಟೆ ಧೂಳಿನಿಂದ ಕೆಂಪಾಗಿತ್ತು.

"ಸಾರ್, ಸ್ಟೇಶನಂಗೆ ನನ್ನ ಕೈಗೂ ಫೋನ್ ಕೊಟ್ರಲೆ, ಅದ್ರಂಗೆ ಮಾತಾಡಿದ್ದ್ ಅವ್ರಲ್ಲ. ರಾಜೀವಮ್ಮ ನನ್ನ ಕರೂದ್ 'ಏ ಅಪ್ಪೀ' ಅಂದ್. ಇವ್ಳ್ 'ಅಪ್ಪಿಯವ್ರೇ' ಅಂತ್ಳ್. ನನ್ನ ಹುಟ್ದಾಗಿಂದ ಯಾರೂ ಹಂಗ್ ಕರಿಲಿಲ್ಲ."

"ಅವ್ರ್ ನಿಂಗೆ ಎಂತ ಆತ್ರ್ ಅಪ್ಪಿ?"

"ಎಂತದೂ ಅಲ್ಲ. ದಿನಾ ಒಂದ್ ಚೆಂಡ್ ಮಲ್ಲಿಗಿ ತಕಂತಿದ್ರ್. ಮಳಿ ಬಂದ್ರೆ 'ಮೆಟ್ಲ್ ಅಡಿ ಕೂಕೋ, ನೆನೀಬೇಡ' ಅಂತಿದ್ರ್." ಅಪ್ಪಿ ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸುವಂಥದ್ದು ಏನೂ ಇರಲಿಲ್ಲ. "ಹಂಗ್ ಹೇಳುವವ್ರ್ ಹೇಳ್ದೆ ಕೇಣ್ದೆ ಹೋತ್ರಾ?"

ಪಕ್ಕದಲ್ಲಿ ಸೂರ ಟೈಲರ್ ಹೊಲಿಗೆ ಮಿಶಿನನ್ನು ಕೈಗಾಡಿಗೆ ಹಗ್ಗ ಹಾಕಿ ಬಿಗಿಯುತ್ತಿದ್ದ. ಅವನ ಅರ್ಧ ಆಯುಷ್ಯ ಈ ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಕಳೆದಿತ್ತು.

"ಸೂರಣ್ಣ, ಬೇಜಾರ್ ಆತಿಲ್ಯಾ?"

"ಎಂತ ಬೇಜಾರ್ ಮಾರ್ರೆ. ಹೊಸ ಬಿಲ್ಡಿಂಗಂಗೆ ಒಂದ್ ರೂಮ್ ಕೊಡ್ತ್ರಂಬ್ರ್. ಬೇಜಾರ್ ಮಾಡುಕೂ ಆತಿಲ್ಲ, ಖುಷಿ ಮಾಡುಕೂ ಆತಿಲ್ಲ." ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿದ. "ಮನ್ಸ್ ಒಂಥರಾ ಮರ್ಗಟ್ದಂಗೆ ಇತ್ತ್."

"ಮೇಲಿಂದ ಶಬ್ದ ಗಿಬ್ದ ಎಂತಾರೂ ಕೇಣ್ತಿತ್ತಾ?"

"ಇಲಿ. ಹಂಚಿನ ಮಾಳ್ಗಿ ಅಂದ್ಮೇಲೆ ಇಲಿ ಇರ್ದೆ ಇರತ್ತಾ?"

"ಇಲಿ ಬಾಗ್ಲ್ ಬಡೀತಾ?" ಅಪ್ಪಿ ಬುಟ್ಟಿಯಿಂದ ತಲೆ ಎತ್ತದೆ ಕೇಳಿದಳು. "ನಾನ್ ಒಂದ್ಸಲ ಕೇಂಡಿದ್ದೆ ಸಾರ್. ಇವ್ರ್ ಹತ್ರ ಹೇಳ್ದೆ. ಇಲಿ ಅಂದ್ರ್."

"ಇಲ್ದಿದ್ರೆ ಗಾಳಿ ಆಯ್ಕ್," ಅಂದ ಸೂರ. ಅಲ್ಲಿಂದ ಮುಂದೆ ಅವನು ಹಗ್ಗದ ಗಂಟನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ರವಿಚಂದ್ರ ಮೇಲಂತಸ್ತನ್ನು ಹಿಂದಿನ ವಾರವೇ ನೋಡಿ ಬಂದಿದ್ದ. ಎದುರಿನ ಕೋಣೆಗಳು ಖಾಲಿ. ಮೇಲೆ ಹಲಗೆಯ ಮುಚ್ಚಿಗೆಯಿದ್ದ ಹಿಂದಿನ ಕೋಣೆಗೆ ಹೊರಗಿನಿಂದ ಬೀಗ. ಒಳಗೆ ಒಡೆದ ಹಂಚು ತುಂಬಿದೆ, ಬೀಗದ ಕೈ ಎಲ್ಲೋ ಕಳೆದುಹೋಗಿದೆ ಎಂದು ರಾಜೀವಮ್ಮನ ತಂಗಿಯ ಮಗ ನಿತೇಶ್ ಹೇಳಿದ್ದ. ಮಾಳಿಗೆ ಕೆಡವಿ ಹೊಸದು ಕಟ್ಟಿಸುವವನು ಅವನೇ. ಬೀಗ ಒಡೆಸಲು ಇನ್‌ಸ್ಪೆಕ್ಟರು ಒಪ್ಪಿರಲಿಲ್ಲ.

ಈಗ ಕೂಲಿಯವರು ಒಂದೊಂದೇ ಬಾಗಿಲು ಕಳಚಿ ತಂದು ರಸ್ತೆ ಬದಿಗೆ ಒರಗಿಸುತ್ತಿದ್ದರು. ಹಲಸಿನ ಮರದ ಬಾಗಿಲು, ಒಳ್ಳೆ ಬೆಲೆ ಬರುತ್ತದೆ. ಸೂರನ ಅಂಗಡಿ ಬಾಗಿಲಿಗೆ ಕದಿರು ಕಟ್ಟಿತ್ತು. ಭತ್ತದ ಒಂದೆರಡು ತೆನೆ, ಜೊತೆಗೆ ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಸೇರಿಸಿ ನಾರಿನಿಂದ ಕಟ್ಟಿದ ಪುಟ್ಟ ಕಂತೆ. ನವರಾತ್ರಿಯಲ್ಲಿ ಹೊಸ ಬೆಳೆ ಮನೆಗೆ ಬರುವ ದಿನ ಈ ಊರಿನವರು ಅದನ್ನು ಎಲ್ಲಿ ಕಟ್ಟುತ್ತಾರೆ ಎನ್ನುವುದಕ್ಕಿಂತ ಎಲ್ಲಿ ಕಟ್ಟುವುದಿಲ್ಲ ಎಂದು ಕೇಳುವುದೇ ಸುಲಭ. ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ಸ್ಕೂಟರಿಗೆ, ಮಿಕ್ಸಿಗೆ. ನಾಳೆ ಬೀಳುವ ಅಂಗಡಿ ಎಂದು ಗೊತ್ತಿದ್ದೂ ಸೂರ ಅದರ ಬಾಗಿಲಿಗೆ ಕಟ್ಟಿದ್ದ. ಗೋಡೆ ಕೆಡವುತ್ತಿದ್ದ ಜೆಸಿಬಿಯ ಕನ್ನಡಿಗೂ ಒಂದು ನೇತಾಡುತ್ತಿತ್ತು.

ಆಗ ಬಿಳಿ ಕಾರೊಂದು ಬಂದು ನಿಂತಿತು. ನಿತೇಶ್ ಇಳಿದ. ಮುಂಬೈಯಲ್ಲಿ ಹೋಟೆಲು, ಕೈಗೆ ದಪ್ಪ ಬ್ರೇಸ್‌ಲೆಟ್, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಅರೇ ಸಾಬ್, ಇನ್ನೂ ಇಲ್ಲೇ ಇದ್ರ್ಯಾ? ಧೂಳ್ ತಿಂಬುಕಾ?"

ರವಿಚಂದ್ರ ಕಾರನ್ನು ನೋಡಿದ. ಮುಂದಿನ ಜಾಲರಿ, ಒಳಗಿನ ಕನ್ನಡಿ, ಸ್ಟೇರಿಂಗು. ಆಮೇಲೆ ತನ್ನ ಬೈಕು ನೋಡಿದ. ಇಡೀ ರಸ್ತೆಯಲ್ಲಿ ಕದಿರು ಇಲ್ಲದ ಗಾಡಿಗಳು ಆ ಎರಡೇ.

"ಕಾರ್ ಬೋಳ್ ಇತ್ತಲೆ ನಿತೇಶ್. ಕದ್ರ್ ಕಟ್ಲಿಲ್ಯಾ?"

ನಿತೇಶನ ಕೈ ತಾನಾಗಿಯೇ ಬಾನೆಟ್ಟಿನ ಕಡೆ ಹೋಯಿತು. "ಮರ್ತೇ ಹೋಯ್ತ್ ಸಾರ್. ಈ ಸೈಟಿನ ತಲಿಬಿಸಿಯಂಗೆ ಟೈಮೇ ಸಿಕ್ಲಿಲ್ಲ." ಮತ್ತೆ ನಗು ತಂದುಕೊಂಡ. "ನಿಮ್ದೂ ಬೋಳೇ ಇತ್ತಲ್ದಾ?"

"ನಮ್ಮನಿಯಂಗೆ ಈ ವರ್ಷ ಹಬ್ಬ ಇಲ್ಲ."

"ಓ. ಹೌದ್ ಹೌದ್. ಸಾರಿ ಸಾರ್." ನಿತೇಶ್ ಕಪ್ಪು ಕನ್ನಡಕ ಹಾಕಿಕೊಂಡು ಅಗತ್ಯಕ್ಕಿಂತ ಸ್ವಲ್ಪ ಬೇಗನೇ ಕೂಲಿಯವರ ಕಡೆ ನಡೆದ.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಕದಿರೂ ಇಲ್ಲ. ಹುಡುಗನಿಗೆ ಮರೆತಿರಬಹುದು. ಮುಂಬೈಯಲ್ಲಿ ಬೆಳೆದವರಿಗೆ ಮರೆಯುತ್ತದೆ. ಆದರೆ ಅವನ ತಾಯಿಗೆ ಮರೆಯುತ್ತದೆಯೇ?

ರವಿಚಂದ್ರ ಕಾನ್‌ಸ್ಟೇಬಲ್ ಸುಜಿತನನ್ನು ಹತ್ತಿರ ಕರೆದ. "ಹಿಂದಣ ಕೋಣಿ ಬಾಗ್ಲ್ ತೆಗೂವತ್ತಿಗೆ ನೀನ್ ಅಲ್ಲೇ ನಿಲ್ಕ್. ಎಂತ ಕಂಡ್ರೂ ಫೋಟೋ ತೆಗ್ದ್ ಕಳ್ಸ್."

"ನೀವ್ ಎಲ್ಲಿಗೆ ಸಾರ್?"

"ಕುಂಭಾಶಿಗ್ ಹೋಯ್ ಬತ್ತೆ."

* * *

ಕುಂಭಾಶಿಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನಿತೇಶನ ಮನೆ. ಹೊಸ ತಾರಸಿ ಮನೆ, ಬಾಗಿಲು ಮಾತ್ರ ಹಳೆಯ ಮನೆಯದು. ಓಣಿಯುದ್ದಕ್ಕೂ ಎಲ್ಲರ ಗೇಟಿಗೆ ಕದಿರು, ಪಕ್ಕದ ಮನೆಯ ಪಂಪ್‌ಸೆಟ್ಟಿಗೂ ಕದಿರು. ಈ ಮನೆಯ ಗೇಟು ಖಾಲಿ. ಬಾವಿಯ ಕಂಬ ಖಾಲಿ. ತುಳಸಿಕಟ್ಟೆ ಖಾಲಿ.

ಬಾಗಿಲಿಗೆ ಮಾತ್ರ ಒಂದಿತ್ತು, ಹೋದ ವರ್ಷದ್ದು. ಎಲೆ ಕಪ್ಪಾಗಿ ಮುದುರಿತ್ತು, ತೆನೆಯ ಕಾಳನ್ನು ಗುಬ್ಬಿಗಳು ಎಂದೋ ಮುಗಿಸಿದ್ದವು. ಹೊಸದು ಕಟ್ಟುವಾಗಲೇ ಹಳೆಯದನ್ನು ಬಿಚ್ಚುವುದು ರೂಢಿ. ರವಿಚಂದ್ರನ ಮನೆಯ ಬಾಗಿಲಲ್ಲೂ ಇಂಥದ್ದೇ ಒಂದು ನೇತಾಡುತ್ತಿತ್ತು, ಚಂದ್ರಮತಿ ಕಟ್ಟಿದ್ದು.

ಗಿರಿಜಮ್ಮ ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಸೋಸುತ್ತಿದ್ದರು. ರಾಜೀವಮ್ಮನ ಒಬ್ಬಳೇ ತಂಗಿ. ಯೂನಿಫಾರ್ಮು ಕಂಡು ಎದ್ದರು, ಮತ್ತೆ ಕೂತರು.

"ಬನ್ನಿ, ಕೂಕಣಿ. ಆಸ್ರಿಗೆ ಎಂತ ಕುಡಿತ್ರಿ? ನಿತೇಶ ಕುಂದಾಪ್ರಕ್ಕೆ ಹೋಯ್ದ."

"ಅವ್ನ ಕಂಡೇ ಬಂದದ್ದ್. ಕುಡೂಕೆ ಎಂತದೂ ಬೇಡ ಅಮ್ಮ."

"ಅಕ್ಕ ಮುಂಬೈಯಂಗೆ ನನ್ನ ಮಗಳ ಮನಿಯಂಗೆ ಇತ್ತ್. ಶ್ರಾವ್ಯನ ಮನಿಯಂಗೆ. ಹೇಳಿದ್ವಲ್ದಾ?" ಕೇಳದೇ ಬಂದ ಉತ್ತರ.

"ಹೇಳಿದ್ರಿ." ರವಿಚಂದ್ರ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. "ಬಾಗ್ಲಿನ ಕದ್ರ್ ಚೆಂದ ಇತ್ತ್. ಯಾರ್ ಕಟ್ಟಿದ್ದ್? ನಾರ್ ಜಡಿ ಹೆಣ್ದಂಗೆ ಇತ್ತಲೆ."

ಗಿರಿಜಮ್ಮನ ಮುಖ ಸ್ವಲ್ಪ ಸಡಿಲಾಯಿತು. "ನಾನೇ, ಹೋದ್ ವರ್ಷ. ನಮ್ಮನ್ ಹೆತ್ತ ಅಬ್ಬಿ ಕಲ್ಸಿದ್ದ್. ಕದ್ರಿಗೆ ಗಂಟ್ ಹಾಕುಕಾಗ, ಜಡಿ ಹೆಣ್ದೇ ಕಟ್ಕ್ ಅಂತಿದ್ರ್. ಈಗ ಇದ್ ಬಪ್ದ್ ಅಕ್ಕಂಗೆ, ನಂಗೆ, ಇಬ್ರಿಗೇ. ಶ್ರಾವ್ಯಂಗೆ ಕಲ್ಸ್ವ ಅಂದ್ರೆ ಅದ್ಕೆ ಪುರ್ಸೊತ್ತಿಲ್ಲ."

"ಈ ವರ್ಷದ್ದ್ ಎಲ್ಲಿ ಅಮ್ಮ?"

ಸೊಪ್ಪಿನ ಮೇಲಿನ ಕೈ ನಿಂತಿತು.

"ಈಗ ಬೇಸಾಯ ಎಲ್ಲಿತ್ತ್ ಮಾರಾಯ್ರೆ..."

"ಪೇಟಿಯಂಗೆ ಕಟ್ಟ್ ಕಟ್ಟ್ ಮಾರ್ತ್ರ್."

"ಮೈ ಹುಶಾರ್ ಇರ್ಲಿಲ್ಲ."

"ಒಂದ್ ತೆನಿ ಬಾಗ್ಲಿಗೆ ಕಟ್ಟುಕೂ ಆಯ್ಲಿಲ್ಯಾ?"

ಗಿರಿಜಮ್ಮ ಬಸಳೆಯ ದಂಟನ್ನು ಮುರಿದರು, ಮುರಿದ ತುಂಡನ್ನು ಮತ್ತೆ ಮುರಿದರು.

ರವಿಚಂದ್ರನಿಗೆ ಗದರಿಸಬೇಕೆನಿಸಲಿಲ್ಲ. ಗದರಿಸುವುದಕ್ಕೂ ಮೈಯಲ್ಲಿ ಒಂದಿಷ್ಟು ಬಿಸಿ ಬೇಕಲ್ಲ. ಪಕ್ಕದ ಮನೆಯ ವಿಷಯ ಹೇಳುವ ಹಾಗೆ ಅವನು ತನ್ನ ಮನೆಯದನ್ನು ಹೇಳಿದ.

"ನನ್ನ ಹೆಂಡ್ತಿ ಬ್ಯಾಸ್ಗಿಯಂಗೆ ತೀರ್ಕಂಡ್ಳ್. ನವರಾತ್ರಿ ದಿನ ಯಾರೋ ತಿಳೀದೆ ಒಂದ್ ಕಟ್ಟ್ ಕದ್ರ್ ಕೊಟ್ರ್. ಹಿಡ್ಕಂಡ್ ಬಾಗ್ಲ್ ಮುಂದೆ ನಿಂತೆ. ಯಾರೂ ಕಾಂತಿರ್ಲಿಲ್ಲ ಅಮ್ಮ, ಕಟ್ಟಿದ್ರೂ ಕೇಂಬವ್ರ್ ಇಲ್ಲ. ಆದ್ರೆ ಕೈ ಮೇಲೆ ಹೋಯ್ಲಿಲ್ಲ." ಅವನು ತಲೆ ಎತ್ತಿದ. "ನಿಮ್ಗೂ ಹಂಗೇ ಆಯ್ತಾ?"

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಗಿರಿಜಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ನಿತೇಶ ಕಟ್ಟ್ ಅಂದ," ಕಡೆಗೆ ಹೇಳಿದರು. "ಜನ ಕಾಂತ್ರ್ ಅಬ್ಬಿ, ಕಟ್ಟ್ ಅಂತ ಬೈದ. ಕದ್ರ್ ತಂದೂ ಕೊಟ್ಟ. ನಾನ್ ಮುಟ್ಲಿಲ್ಲ, ಅವ್ನೇ ತಿರ್ಗಿ ತಕಂಡ್ ಹೋದ. ಸಾವಾದ ಮನಿಯಂಗೆ ಹ್ಯಾಂಗ್ ಕಟ್ಟುದ್? ಅದ್ ನನ್ನ ಅಕ್ಕ. ನನ್ನ ಸಾಂಕಿ ದೊಡ್ಡ್ ಮಾಡಿದ್ದ್ ಅದೇ. ನಂಗೆ ಸುಳ್ಳ್ ಹೇಳುಕೆ ಬತ್ತ್, ಇದ್ ಮಾಡುಕೆ ಬರ್ಲಿಲ್ಲ."

ಕಾರಣ ಸಿಕ್ಕಿತು. ಇನ್‌ಸ್ಪೆಕ್ಟರು ಕೇಳಿದ್ದು ಇದೇ. ಗೆದ್ದೆ ಎಂದು ರವಿಚಂದ್ರನಿಗೆ ಅನಿಸಲಿಲ್ಲ, ಅಯ್ಯೋ ಎಂದೂ ಅನಿಸಲಿಲ್ಲ. ಅಪ್ಪಿಗೆ ಹೇಗೆ ಹೇಳುವುದು ಎಂಬುದೊಂದು ಮಾತ್ರ ತಲೆಗೆ ಬಂತು.

"ಯಾವತ್ತ್ ಆದ್ದ್?"

"ಮಳಿಗಾಲ್ದಂಗೆ. ಬೆಳಿಗ್ಗೆ ಮಳಿ ಸುರೀತಿತ್ತ್. ಮಾಳ್ಗಿ ಹಿಂದಣ ಬಾವಿಕಟ್ಟಿ ಹತ್ರ ಜಾರಿ ಬಿದ್ದ್ ಹೋಯ್ರ್ ಅಂತ ನಿತೇಶ ಫೋನ್ ಮಾಡ್ದ. ಟೆಂಪೋದಂಗೆ ಕೊಕ್ಕರ್ಣೆಗೆ ತಂದ. ಅಲ್ಲಿ ನಮ್ಮ ಗದ್ದಿ ಇತ್ತ್. ಅದ್ರ ಅಂಚಂಗೇ ಸುಟ್ಟದ್ದ್. ನಾನ್, ಅವ, ಕಟ್ಗಿ ತಂದವ್ರ್ ಇಬ್ರ್. ಮತ್ಯಾರಿಗೂ ಹೇಳ್ಲಿಲ್ಲ."

"ಎಂತಕೆ ಮುಚ್ಚಿಟ್ಟದ್ದ್?"

"ಮಾಳ್ಗಿ ಅಕ್ಕನ ಹೆಸ್ರಂಗೂ ಇತ್ತಲ್ದಾ. ಕೆಡವುಕೆ ಬಿಡುದಿಲ್ಲ ಅಂತ ಹಟ ಮಾಡ್ತಿತ್ತ್. ಕಡಿಗೆ ಹ್ಯಾಂಗೋ ಅಕ್ಕನ ಸಹಿ ಹಾಕ್ಸಿ ಅಧಿಕಾರಪತ್ರ ಬರ್ಸ್ಕಂಡಿದ್ದ ಇವ. ಅಕ್ಕ ಸತ್ರೆ ಅದ್ ನಡೂದಿಲ್ಲ ಅಂಬ್ರ್. ಬೈಂದೂರಿನ ನೆಂಟ್ರೆಲ್ಲ ಪಾಲ್ ಕೇಂತ್ರ್ ಅಂದ. ಒಂದ್ ವರ್ಷ ಸುಮ್ನಿರ್ ಅಬ್ಬಿ, ಮತ್ ಎಲ್ಲ ಕ್ರಮ ಮಾಡ್ವ ಅಂದ."

"ಮುಂಬೈಯಿಂದ ಮಾತಾಡಿದ್ದ್?"

"ಶ್ರಾವ್ಯ. ಹ್ಯಾಂಗ್ ಮಾತಾಡ್ಕ್ ಅಂತ ಹೇಳ್ಕೊಟ್ಟದ್ದ್ ನಾನೇ." ಗಿರಿಜಮ್ಮ ಈಗ ಅವನನ್ನು ನೇರವಾಗಿ ನೋಡಿದರು. ಕಣ್ಣು ಒಣಗಿತ್ತು. "ಅಳುಕೂ ಇಲ್ಲ ಅಂದಿದ್ದ. ಅತ್ರೆ ಆಚಿ ಮನಿಗೆ ಕೇಣತ್ತಲ್ದಾ. ಅಷ್ಟ್ ದಿನದಿಂದ ಅಳ್ಲಿಲ್ಲ. ಈಗ ಅಳ್ವ ಅಂದ್ರೆ ಬತ್ತಿಲ್ಲ."

ಆ ಮಾತು ರವಿಚಂದ್ರನಿಗೆ ಎಲ್ಲೋ ತಾಗಿತು. ತಾಗಿದ್ದು ಎಲ್ಲಿ ಎಂದು ನೋಡಿಕೊಳ್ಳಲು ಅವನಿಗೆ ಇಷ್ಟವಾಗಲಿಲ್ಲ.

"ಅಕ್ಕನ ಮುಖ ಕಂಡ್ರ್ಯಾ?"

"ಹ್ಞಾಂ?"

"ಸುಡುವ ಮೊದ್ಲ್. ಮುಖ ಕಂಡ್ರ್ಯಾ ಅಮ್ಮ?"

"ಇಲ್ಲ. ಕಾಂಬಂಗೆ ಇಲ್ಲ ಅಂದ ನಿತೇಶ. ಕಲ್ಲಿಗೆ ಬಿದ್ದ್ ಮುಖ ಪೂರಾ ಹೋಯ್ತ್, ಕಾಂಬುದ್ ಬೇಡ ಅಂದ. ಬಟ್ಟಿ ಸುತ್ತಿತ್ತ್. ಮೇಲೆ ಅಕ್ಕನ ಸೀರಿ. ಹಸ್ರ್ ಅಂಚಿಂದ್, ನಾನೇ ಕೊಟ್ಟ ಸೀರಿ. ಕಾಲ್ ಮುಟ್ಟಿ ನಮಸ್ಕಾರ ಮಾಡ್ದೆ. ಕಾಲಿಗೂ ಬಟ್ಟಿಯೇ."

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಸುಜಿತ್.

"ಸಾರ್, ಹಿಂದಣ ಕೋಣಿ ಬೀಗ ಒಡ್ದ್ ಬಾಗ್ಲ್ ಕಳ್ಚಿದ್ರ್. ಹಂಚ್ ಗಿಂಚ್ ಎಂತದೂ ಇಲ್ಲ. ಒಂದ್ ಚಾಪಿ, ನೀರಿನ ಕೊಡಪಾನ, ಒಂದ್ ಬಟ್ಲ್ ಇತ್ತ್. ಯಾರೋ ಇದ್ದಿದ್ರ್ ಸಾರ್ ಇಲ್ಲಿ. ಈಗ ಯಾರೂ ಇಲ್ಲ." ಅವನ ಉಸಿರು ಏರಿತ್ತು. "ಮತ್ತೊಂದ್. ಬಾಗ್ಲಿಗೆ ಕದ್ರ್ ಕಟ್ಟಿತ್ತ್. ಒಳ್ಗಣ ಬದಿಗೆ."

"ಒಳಗಾ? ಬೀಗ ಹೊರಗಿತ್ತಲೆ."

"ಹೌದ್ ಸಾರ್. ಬೀಗ ಹೊರ್ಗೆ, ಕದ್ರ್ ಒಳ್ಗೆ. ಫೋಟೋ ಕಳ್ಸಿದ್ದೆ ಕಾಣಿ."

ರವಿಚಂದ್ರ ಫೋಟೋ ತೆರೆದ. ಹಲಸಿನ ಹಲಗೆಯ ಮೇಲೆ ಒಂದು ಮೊಳೆ, ಮೊಳೆಗೆ ನೇತುಬಿದ್ದ ಒಂದೇ ಒಂದು ತೆನೆ. ಅದರ ಕಾಳು ಒಂದೂ ಉದುರಿರಲಿಲ್ಲ. ಮಾವಿನ ಎಲೆ ಬಾಡಿತ್ತು, ತೊಟ್ಟಿನ ಹತ್ತಿರ ಇನ್ನೂ ಹಸಿರಿತ್ತು. ನವರಾತ್ರಿ ಮುಗಿದು ಒಂದು ವಾರವೂ ಪೂರ್ತಿಯಾಗಿರಲಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನಾರನ್ನು ನೋಡಿದ.

ಗಂಟು ಇರಲಿಲ್ಲ. ಜಡೆ ಇತ್ತು.

ಬಡಿದ ಬಾಗಿಲು, ಇಲಿ ಎಂದ ಸೂರ, ಹೌದೆಂದು ಸುಮ್ಮನಾದ ಬೀದಿ, ಹಿಂದಿನ ವಾರ ಅದೇ ಬೀಗದ ಮುಂದೆ ನಿಂತು ಹಿಂದಿರುಗಿದ ತಾನು. ಎಲ್ಲ ಒಟ್ಟಿಗೆ ಎದೆಗೆ ಬಂದು ಬಡಿಯಿತು. ಚಂದ್ರಮತಿ ಹೋದ ಮೇಲೆ ಮೊದಲ ಸಲ ನೋವಾಯಿತು. ನೋವಾಗುತ್ತಿದೆ ಎಂದು ಗೊತ್ತಾಗಿ ಅವನಿಗೇ ಹೆದರಿಕೆಯಾಯಿತು.

"ಸುಜಿತ್, ಮಿಶಿನ್ ನಿಲ್ಸ್!" ಅವನು ಕೂಗಿಯೇಬಿಟ್ಟ. "ಒಂದ್ ಕಲ್ಲೂ ಅಲುಗುಕಾಗ. ನಿತೇಶನ ಹಿಡ್ಕೋ, ಎಲ್ಲಿಗೂ ಬಿಡ್ಬೇಡ."

"ನಿತೇಶ್ ಇಲ್ಲ ಸಾರ್. ಬೀಗಕ್ಕೆ ಸುತ್ತಿಗಿ ಪೆಟ್ಟ್ ಬಿದ್ದದ್ದೇ ಕಾರ್ ಹತ್ತಿ ಹೋಯ್ದ."

ರವಿಚಂದ್ರ ಫೋನು ಇಳಿಸಿದ. ಗಿರಿಜಮ್ಮ ಎದ್ದು ನಿಂತಿದ್ದರು, ಮಡಿಲಿನ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತ್ತು. ಅವನು ಫೋಟೋವನ್ನು ಅವರ ಮುಂದೆ ಹಿಡಿದ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಬೆರಳು ಮುಂದೆ ಬಂದು ಗಾಜಿನ ಮೇಲೆ ಆ ಜಡೆಯ ಎಳೆಗಳನ್ನು ಮೆಲ್ಲಗೆ ಸವರಿತು. ಮುಖದಲ್ಲಿ ಏನೋ ಅರಳಿತು, ಬಹಳ ಹೊತ್ತು ನಿಲ್ಲಲಿಲ್ಲ.

"ಇದ್ ಈ ವರ್ಷದ್ದ್. ಅಕ್ಕ ಕಟ್ಟಿದ್ದ್." ಧ್ವನಿ ಪಿಸುಮಾತಿಗೆ ಇಳಿಯಿತು. ಗಿರಿಜಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹಂಗಾರೆ ಆವತ್ತ್ ನಾವ್ ಕೊಕ್ಕರ್ಣೆಯಂಗೆ ಸುಟ್ಟದ್ದ್ ಯಾರ್ನ?"